ಗೋಡೆಗಿಳಿದ ಛಾವಣಿ

ಮುಂಬಯಿಯ ವಸ್ತುಸಂಗ್ರಹಾಲಯಗಳನ್ನು ನೋಡಿಬಂದವರಲ್ಲಿ ಬಹುಮಂದಿ ಅಲ್ಲಿ ಕಂಡ ವಿಗ್ರಹಗಳನ್ನೂ ಚಿತ್ರಪಟಗಳನ್ನೂ ನಾಣ್ಯಗಳನ್ನೂ ನೆನಪಿನಲ್ಲಿ ಉಳಿಸಿಕೊಳ್ಳುವರೇ ಹೊರತು, ಆ ವಿಗ್ರಹವು ಎಷ್ಟು ಎತ್ತರದ ಪೀಠದ ಮೇಲಿತ್ತು, ಅದರ ಬೆನ್ನಿನ ಗೋಡೆಗೆ ಯಾವ ಬಣ್ಣ ಬಳಿದಿತ್ತು, ಎಡಬಲಗಳಲ್ಲಿ ಏನೇನಿದ್ದವು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದನ್ನು ನೆನೆಯುವವರು ವಿರಳ. ಆದರೆ ಇವುಗಳಲ್ಲಿ ಯಾವುದೂ ತಾನಾಗಿ ಆದುದಲ್ಲ. ಯಾರೋ ಒಬ್ಬರು ಕುಳಿತು ಆಲೋಚಿಸಿ, ನಕ್ಷೆ ಬರೆದು, ಬಡಗಿಗಳಿಗೂ ವಿದ್ಯುತ್ ಕೆಲಸದವರಿಗೂ ಹೇಳಿಸಿ, ನಾಲ್ಕಾರು ಸಲ ಇಟ್ಟು ತೆಗೆದು, ಕಡೆಗೆ ಇದೇ ಸರಿಯೆಂದು ನಿಲ್ಲಿಸಿದ ವಿನ್ಯಾಸವದು. ಅದಕ್ಕೆ ಕರ್ತೃವಿನ ಅಂಕಿತವಿರುವುದಿಲ್ಲ, ಅದರ ಆಯುಷ್ಯವೂ ದೀರ್ಘವಲ್ಲ. ಕೆಲವು ವರ್ಷಗಳಲ್ಲಿ, ಕೆಲವೆಡೆ ಕೆಲವೇ ದಿನಗಳಲ್ಲಿ, ಗ್ಯಾಲರಿಯನ್ನು ಬಿಚ್ಚಿ ಬೇರೆ ಬಗೆಯಾಗಿ ಜೋಡಿಸುತ್ತಾರೆ. ಆಗ ವಸ್ತುಗಳು ಉಳಿಯುತ್ತವೆ, ಜೋಡಣೆ ಅಳಿಯುತ್ತದೆ. ಅಳಿದ ಆ ಕೃತಿಗೆ ಉಳಿಯುವ ಸಾಕ್ಷಿ ಸಾಮಾನ್ಯವಾಗಿ ಛಾಯಾಚಿತ್ರವೊಂದೇ ಆದುದರಿಂದ, ವಸ್ತುವನ್ನು ಚಿತ್ರಿಸುವವನ ಹೊಣೆಗಿಂತ ವಸ್ತುವಿರುವ ಕೋಣೆಯನ್ನು ಚಿತ್ರಿಸುವವನ ಹೊಣೆ ಹಿರಿದೆಂದು ನಾನು ನಂಬಿದ್ದೇನೆ.

ಕೋಟೆ ಪ್ರದೇಶದ ತೆಂಕಣ ಭಾಗದಲ್ಲಿ, ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿಕೊಂಡಿದ್ದು ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆಂಬ ನಾಮಧೇಯವನ್ನು ಹೊಂದಿರುವ ಭವನವು ಈ ವಿಷಯವನ್ನು ಚಿಂತಿಸಲು ಎಲ್ಲಕ್ಕಿಂತ ಅನುಕೂಲವಾದ ಸ್ಥಳ. ಇದಕ್ಕೆ ಅಸ್ತಿವಾರದ ಕಲ್ಲನ್ನಿಟ್ಟದ್ದು 1905ನೆಯ ಇಸವಿಯ ನವೆಂಬರ್ 11ರಂದು. 1909ರಲ್ಲಿ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದು ಕಟ್ಟಡದ ರೂಪವನ್ನು ನಿರ್ಣಯಿಸಿದವನು ಜಾರ್ಜ್ ವಿಟೆಟ್. 1914ರಲ್ಲಿ ಕಟ್ಟಡ ಮುಗಿದರೂ ಮಹಾಯುದ್ಧದ ದೆಸೆಯಿಂದ ಅದು ಮೊದಲು ಸೈನಿಕರ ಆಸ್ಪತ್ರೆಯಾಗಿ, 1922ರ ಜನವರಿ 10ರಂದಷ್ಟೆ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಕುರ್ಲಾದ ಕರಿಯ ಶಿಲೆಯನ್ನೂ ಮಲಾಡಿನ ಹಳದಿಮಿಶ್ರ ಶಿಲೆಯನ್ನೂ ಬೆರೆಸಿ, ಎಂದರೆ ಇಂದು ಉಪನಗರಗಳಾಗಿ ಜನರಿಂದ ಕಿಕ್ಕಿರಿದಿರುವ ಊರುಗಳ ಗಣಿಗಳಿಂದಲೇ ಕಲ್ಲನ್ನು ತಂದು ಕಟ್ಟಿದ ಈ ಸೌಧದ ನಡುಗುಮ್ಮಟದ ಒಳಗಿನ ಕಮಾನುಗಳಿಗೆ ವಿಟೆಟ್ ಆದರ್ಶವಾಗಿ ಹಿಡಿದದ್ದು ನಮ್ಮ ವಿಜಾಪುರದ ಗೋಳಗುಮ್ಮಟವನ್ನು. ಒಳಗೆ ಹದಿನೆಂಟನೆಯ ಶತಮಾನದ ಮರಾಠಾ ವಾಡೆಗಳ ಕಂಬ, ಕಟಾಂಜನ, ಮೊಗಸಾಲೆಗಳ ಸೊಬಗೂ ಜೈನಶೈಲಿಯ ಕಂಬಗಳ ಗಾಂಭೀರ್ಯವೂ ಕೂಡಿಕೊಂಡಿವೆ. ಕನ್ನಡಿಗನು ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದಾಗ ಪರದೇಶಕ್ಕೆ ಬಂದೆನೆಂಬ ಭಾವನೆ ಅವನಿಗೆ ಉಂಟಾಗಲಾರದು.

ಈ ನಡುಮನೆಯನ್ನು ಚಿತ್ರಿಸಹೊರಟವನಿಗೆ ಎದುರಾಗುವ ಮೊದಲ ತೊಡಕೆಂದರೆ ಎತ್ತರ. ಗುಮ್ಮಟವೂ ನೆಲವೂ ಒಂದೇ ಪಟದಲ್ಲಿ ಬರಲೆಂದು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತಿದ ಕೂಡಲೆ, ನೆಟ್ಟಗೆ ನಿಂತ ಕಂಬಗಳೆಲ್ಲ ತಲೆಯ ಕಡೆ ಒಂದನ್ನೊಂದು ಕೂಡಲು ಹೊರಟಂತೆ ಒಳಕ್ಕೆ ವಾಲುತ್ತವೆ. ಶಿಲ್ಪಿಯು ತೂಗುಗುಂಡು ಹಿಡಿದು ಸಾಧಿಸಿದ ನೇರವನ್ನು ಮಸೂರವು ಕ್ಷಣಾರ್ಧದಲ್ಲಿ ಕೆಡಿಸುತ್ತದೆ. ಹಳೆಯ ಕಾಲದ ದೊಡ್ಡ ಕ್ಯಾಮೆರಾಗಳಲ್ಲಿ ಫಿಲಂ ಇರುವ ಹಿಂಬದಿಯನ್ನು ನೆಟ್ಟಗೇ ಇರಿಸಿ ಮಸೂರವಿರುವ ಮುಂಬದಿಯನ್ನು ಮಾತ್ರ ಮೇಲಕ್ಕೆ ಸರಿಸುವ ಉಪಾಯವಿತ್ತು. ಇಂದಿನ ಕ್ಯಾಮೆರಾಗಳಿಗೆ ಅದೇ ಕೆಲಸ ಮಾಡುವ ಶಿಫ್ಟ್ ಲೆನ್ಸುಗಳು ದೊರೆಯುತ್ತವೆ. ಗಣಕಯಂತ್ರದಲ್ಲಿಯೂ ಆಮೇಲೆ ತಿದ್ದಬಹುದು, ಆದರೆ ಹಾಗೆ ತಿದ್ದಿದಾಗ ಅಂಚುಗಳು ಕತ್ತರಿಸಿಹೋಗಿ, ಚಿತ್ರ ತೆಗೆದವನು ಕಂಡದ್ದಕ್ಕಿಂತ ಕಿರಿದಾದ ಕೋಣೆಯೊಂದು ಉಳಿಯುತ್ತದೆ. ಮೊದಲೇ ನೆಟ್ಟಗೆ ತೆಗೆಯುವುದು ಮೇಲು.

ಈ ಸಂಗ್ರಹಾಲಯದ ಶಿಲ್ಪಗಳ ಗ್ಯಾಲರಿಯಲ್ಲಿ ಕನ್ನಡ ನಾಡಿನಿಂದ ಬಂದ ಕೆಲವು ಚಪ್ಪಡಿಗಳಿವೆ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಲ್ಲಿದ್ದ, ಬಾದಾಮಿ ಚಾಲುಕ್ಯರ ಕಾಲದ, ಬ್ರಹ್ಮ ವಿಷ್ಣು ಮಹೇಶ್ವರರ ಫಲಕಗಳವು. ಐಹೊಳೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ವಿಜಾಪುರ ಜಿಲ್ಲೆಯಲ್ಲಿದ್ದುದರಿಂದ, ಪ್ರಾಂತದ ರಾಜಧಾನಿಯ ಸಂಗ್ರಹಾಲಯಕ್ಕೆ ಅವು ಬಂದುದು ಆ ಕಾಲದ ಆಡಳಿತದ ದೃಷ್ಟಿಯಿಂದ ಸಹಜವೇ ಆಗಿತ್ತು. ನಾನು ಹೇಳಬೇಕೆಂದಿರುವುದು ಅವು ಬಂದ ಬಗೆಯನ್ನಲ್ಲ, ಇಲ್ಲಿ ನಿಂತಿರುವ ಬಗೆಯನ್ನು. ಗುಡಿಯಲ್ಲಿ ಈ ಫಲಕಗಳು ಮುಖವನ್ನು ನೆಲದ ಕಡೆಗೆ ಮಾಡಿದ್ದುವು. ಭಕ್ತನು ನಡುಮಂಟಪದಲ್ಲಿ ನಿಂತು ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಮಾತ್ರ ಅವನ ನೆತ್ತಿಯ ಮೇಲೆ ದೇವತೆಗಳು ತೋರುತ್ತಿದ್ದರು. ಇಲ್ಲಿ ಅವನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದೆ. ಆಕಾಶದಂತೆ ಮೇಲಿದ್ದುದು ಎದುರಿಗೆ ಬಂದಿದೆ. ಮೇಲೆ ನೋಡುತ್ತಿದ್ದ ಕಣ್ಣು ಈಗ ನೇರವಾಗಿ ನೋಡುತ್ತದೆ.

ಸಂಗ್ರಹಾಲಯದವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ನೂರಾರು ಜನ ಹಾದುಹೋಗುವ ಕೋಣೆಯಲ್ಲಿ ಅಷ್ಟು ಭಾರದ ಕಲ್ಲನ್ನು ಮತ್ತೆ ಮೇಲಕ್ಕೆ ತೂಗುಹಾಕುವುದು ವಿವೇಕವಾಗದು. ನೆಟ್ಟಗೆ ನಿಲ್ಲಿಸಿದ್ದರಿಂದಲೇ ಮಕ್ಕಳೂ ವೃದ್ಧರೂ ಕತ್ತು ನೋಯಿಸಿಕೊಳ್ಳದೆ, ಋಷಿಗಳ ನಡುವೆ ಆಸೀನನಾದ ಬ್ರಹ್ಮನ ಮುಖಗಳನ್ನು ಒಂದು ಮಾರು ದೂರದಿಂದ ನೋಡುವಂತಾಗಿದೆ. ಗುಡಿಯಲ್ಲಿ ಯಾವ ಭಕ್ತನಿಗೂ ಇಷ್ಟು ಸಮೀಪದ ದರ್ಶನ ಆಗಿದ್ದಿರಲಾರದು. ಆದರೆ ಬೆಳಕಿನ ವಿಚಾರ ಬೇರೆ. ಗುಡಿಯ ಒಳಗೆ ಬಾಗಿಲಿನಿಂದ ಬಂದ ಬಿಸಿಲು ಮೊದಲು ನೆಲಗಲ್ಲಿಗೆ ತಾಗಿ, ಅಲ್ಲಿಂದ ಮೃದುವಾಗಿ ಮೇಲಕ್ಕೆ ಪುಟಿದು ಛಾವಣಿಯನ್ನು ಸೇರುತ್ತದೆ. ಎಂದಮೇಲೆ ಆ ಶಿಲ್ಪವನ್ನು ಕಡೆದವನು ಎಣಿಸಿಕೊಂಡಿದ್ದುದು ಬಾಗಿಲ ಕಡೆಯಿಂದ ಓರೆಯಾಗಿ ಬರುವ, ನೆಲದಿಂದ ಹಿಂದಿರುಗುವ ಮಂದಪ್ರಕಾಶವನ್ನು. ಗ್ಯಾಲರಿಯಲ್ಲಾದರೋ ದೀಪಗಳು ಮೇಲಿರುತ್ತವೆ. ಹುಬ್ಬಿನ ನೆರಳು ಕಣ್ಣಿನ ಮೇಲೆ, ತುಟಿಯ ನೆರಳು ಗದ್ದದ ಮೇಲೆ, ಮಡಿಸಿದ ಮೊಣಕಾಲಿನ ನೆರಳು ಪಾದದ ಮೇಲೆ ಬೀಳುತ್ತದೆ. ಅದೇ ಕಲ್ಲು, ಅದೇ ಉಳಿಯ ಕೆಲಸ, ಆದರೂ ಮುಖಭಾವ ಅದೇ ಅಲ್ಲ.

ಛಾಯಾಗ್ರಾಹಕನು ಇಲ್ಲಿ ಏನು ಮಾಡತಕ್ಕದ್ದು? ಫಲಕದ ನಾಲ್ಕು ಅಂಚುಗಳನ್ನು ಚೌಕಟ್ಟಿಗೆ ಸರಿಯಾಗಿ ಹೊಂದಿಸಿ, ಹಿನ್ನೆಲೆಯನ್ನು ಕಪ್ಪು ಮಾಡಿ, ಗೋಡೆಯೂ ಪೀಠವೂ ವಿವರಫಲಕವೂ ಕಾಣದಂತೆ ತೆಗೆದ ಪಟವನ್ನು ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಎಲ್ಲರೂ ನೋಡಿರಬಹುದು. ವಿದ್ವಾಂಸರಿಗೆ ಅದು ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಪಟದಿಂದ ಈ ಬ್ರಹ್ಮನು ಒಮ್ಮೆ ಛಾವಣಿಯಲ್ಲಿದ್ದನೆಂಬುದೂ ತಿಳಿಯದು, ಈಗ ಗೋಡೆಯ ಬಳಿ ಇದ್ದಾನೆಂಬುದೂ ತಿಳಿಯದು; ಅವನು ಎಲ್ಲಿಯೂ ಇಲ್ಲದವನಾಗಿಬಿಡುತ್ತಾನೆ. ಆದುದರಿಂದ ಇನ್ನೊಂದು ಪಟ ಬೇಕು. ಹತ್ತು ಹೆಜ್ಜೆ ಹಿಂದೆ ಸರಿದು, ನೆಲದ ಒಂದಿಷ್ಟು ಭಾಗವೂ ಪಕ್ಕದ ಶಿಲ್ಪದ ಒಂದು ತೋಳೂ ದೀಪದ ಮೂಲವೂ ಫಲಕದ ಮುಂದೆ ನಿಂತ ಒಬ್ಬ ಮನುಷ್ಯನ ಎತ್ತರವೂ ಸೇರುವಂತೆ ತೆಗೆದ ಪಟ ಅದು. ನೋಡಲು ಅದು ಅಷ್ಟು ಸುಂದರವಾಗಿರದಿದ್ದರೂ ಅದರಲ್ಲಿ ಹೆಚ್ಚು ಸತ್ಯವಿರುತ್ತದೆ.

ಐಹೊಳೆಗೂ ಮುಂಬಯಿಗೂ ಛಾಯಾಗ್ರಹಣದ ಮೂಲಕ ಆದ ಸಂಬಂಧ ಈ ಸಂಗ್ರಹಾಲಯಕ್ಕಿಂತ ಹಳೆಯದು. ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪಿತವಾದುದು 1854ರಲ್ಲಿ. ಮರುವರ್ಷವೇ ಮುಂಬಯಿ ಸರಕಾರವು ಫಿರಂಗಿದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಪುರಾತನ ಕಟ್ಟಡಗಳ ಛಾಯಾಗ್ರಾಹಕನನ್ನಾಗಿ ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದ ಅವನನ್ನು ಸೈನ್ಯವು ಹಿಂದಕ್ಕೆ ಕರೆಸಿಕೊಂಡ ಬಳಿಕ ವೈದ್ಯನಾದ ವಿಲಿಯಂ ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಇವರ ಚಿತ್ರಗಳು ಧಾರವಾಡ ಮೈಸೂರುಗಳ ವಾಸ್ತುವನ್ನು ಕುರಿತ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ಅದೇ ಸಂಘದಲ್ಲಿ ಡಾಕ್ಟರ್ ನಾರಾಯಣ ದಾಜಿ ಎಂಬ ಭಾರತೀಯ ಸದಸ್ಯರೂ ಇದ್ದರು. ಅವರ ಅಣ್ಣನವರೇ, ಭಾಯಖಳಾದ ರಾಣಿಬಾಗಿನಲ್ಲಿರುವ ಸಂಗ್ರಹಾಲಯಕ್ಕೆ ಇಂದು ಯಾರ ಹೆಸರಿದೆಯೋ ಆ ಡಾಕ್ಟರ್ ಭಾವು ದಾಜಿ ಲಾಡ್.

ಬೆಳಕಿನ ಮಾತು ಬಂದುದರಿಂದ ಅದರ ಲೆಕ್ಕವನ್ನೂ ಸ್ವಲ್ಪ ಹೇಳಬೇಕು. ಕಾಗದದ ಮೇಲಿನ ಕಿರುಚಿತ್ರಗಳು, ರೇಷ್ಮೆ ಮತ್ತು ಹತ್ತಿಯ ಬಟ್ಟೆಗಳು, ಹಸ್ತಪ್ರತಿಗಳು ಬೆಳಕಿಗೆ ಮಾಸುತ್ತವೆ. ಒಮ್ಮೆ ಮಾಸಿದ ಬಣ್ಣವನ್ನು ಯಾವ ಚಿಕಿತ್ಸೆಯೂ ಹಿಂದಕ್ಕೆ ತರಲಾರದು. ಅದಕ್ಕಾಗಿ ಇಂಥ ವಸ್ತುಗಳ ಮೇಲೆ ಬೀಳುವ ಬೆಳಕು, ಲಕ್ಸ್ ಎಂಬ ಬೆಳಕಿನ ಅಳತೆಯಲ್ಲಿ, 50ನ್ನು ಮೀರಬಾರದೆಂಬುದು ಲೋಕದ ಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪಿರುವ ಕಟ್ಟಳೆ. ತೈಲಚಿತ್ರಗಳಿಗೆ 200ರವರೆಗೆ ಸಲ್ಲುತ್ತದೆ, ಕಲ್ಲಿಗೂ ಲೋಹಕ್ಕೂ ಅಂಥ ನಿರ್ಬಂಧವಿಲ್ಲ. ಹೊರಗೆ ಅಂಗಳದ ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸಿನ ಸುಮಾರಿಗಿರುತ್ತದೆಂದರೆ, ಕಿರುಚಿತ್ರಗಳ ಕೋಣೆ ಎಷ್ಟು ಕತ್ತಲೆಯದೆಂಬುದನ್ನು ಊಹಿಸಿಕೊಳ್ಳಬಹುದು. ಆ ಬೆಳಕಿನಲ್ಲಿ ಐಎಸ್‌ಒ 100ಕ್ಕೆ, ಎಫ್ 8ರ ರಂಧ್ರಕ್ಕೆ, ಕ್ಯಾಮೆರಾದ ಕಣ್ಣು ಸುಮಾರು ಮೂರು ಸೆಕೆಂಡು ತೆರೆದಿರಬೇಕಾಗುತ್ತದೆ. ಕೈಯಲ್ಲಿ ಹಿಡಿದು ಅಷ್ಟು ಹೊತ್ತು ಅಲುಗದಿರುವುದು ಅಸಾಧ್ಯ. ಟ್ರೈಪಾಡ್ ಇಲ್ಲದೆ ಗತಿಯಿಲ್ಲ, ಟ್ರೈಪಾಡಿಗೆ ಬಹುತೇಕ ಎಲ್ಲೆಡೆಯೂ ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಫ್ಲ್ಯಾಶ್ ಅಂತೂ ನಿಷಿದ್ಧ. ಈ ನಿಷೇಧವನ್ನು ಕಿರುಕುಳವೆಂದು ಗೊಣಗುವವರನ್ನು ನಾನು ಕಂಡಿದ್ದೇನೆ. ಆದರೆ ವಿನ್ಯಾಸಕಾರನು ಕತ್ತಲೆಯನ್ನೂ ಬೆಳಕಿನಷ್ಟೇ ಎಚ್ಚರದಿಂದ ಹಂಚಿರುತ್ತಾನೆ. ಫ್ಲ್ಯಾಶು ಮಿಂಚಿದೊಡನೆ ವಸ್ತುವಿಗೆ ಹಾನಿಯಾಗಲಿ ಆಗದಿರಲಿ, ಅವನ ಕೃತಿಯಂತೂ ಆ ಪಟದಲ್ಲಿ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಮುಂಬಯಿ ಇನ್ನೊಂದು ಪರೀಕ್ಷೆಯನ್ನು ಒಡ್ಡುತ್ತದೆ. ತಂಪು ಮಾಡಿದ ಗ್ಯಾಲರಿಯಿಂದ ಜುಲೈ ತಿಂಗಳ ಗಾಳಿಗೆ ಬಂದೊಡನೆ ಮಸೂರದ ಮೇಲೆ ಮಂಜು ಕವಿಯುತ್ತದೆ. ಅನುಭವಸ್ಥರು ಕ್ಯಾಮೆರಾವನ್ನು ಚೀಲದಲ್ಲಿಯೇ ಮುಚ್ಚಿಟ್ಟು, ಅದು ಹೊರಗಿನ ಶಾಖಕ್ಕೆ ಹೊಂದಿಕೊಳ್ಳುವವರೆಗೆ ಕಾಯುತ್ತಾರೆ.

ಭಾಯಖಳಾದ ಸಂಗ್ರಹಾಲಯದ ಸ್ವರೂಪವೇ ಬೇರೆ. 1857ರಲ್ಲಿ ಪ್ರಾರಂಭವಾಗಿ 1872ರ ಮೇ 2ರಂದು ಇಂದಿನ ಕಟ್ಟಡಕ್ಕೆ ಬಂದ ಇದು ನಗರದ ಅತ್ಯಂತ ಹಳೆಯ ಸಂಗ್ರಹಾಲಯ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದಿದ್ದ ಹೆಸರು 1975ರಲ್ಲಿ ಬದಲಾಯಿತು. ಹೊರಗೆ, 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೋಗಿ ಕ್ರೇನು ಮುರಿದು ಚೂರಾದ, ಮುಂದೆ 1914ರಲ್ಲಿ ತುಣುಕುಗಳನ್ನು ಕೂಡಿಸಿ ನಿಲ್ಲಿಸಿದ ಘಾರಾಪುರಿ ದ್ವೀಪದ ಕಲ್ಲಾನೆ ಇದೆ. ಒಳಗೆ ಎರಡು ಅಂತಸ್ತಿನ ದೀರ್ಘಶಾಲೆ, ಎರಕದ ಕಬ್ಬಿಣದ ಕಂಬಗಳು, ಚಿತ್ತಾರದ ಕಟಾಂಜನ, ಬಣ್ಣದ ನೆಲಹಾಸುಬಿಲ್ಲೆಗಳು, ತೂಗುದೀಪಗಳು, ನಡುವೆ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನ ಅಮೃತಶಿಲೆಯ ಪ್ರತಿಮೆ. ಹಲವು ವರ್ಷ ಜೀರ್ಣಸ್ಥಿತಿಯಲ್ಲಿದ್ದ ಈ ಶಾಲೆಯನ್ನು ಮಹಾನಗರಪಾಲಿಕೆ, ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ, ಜಮನಾಲಾಲ್ ಬಜಾಜ್ ಪ್ರತಿಷ್ಠಾನಗಳು ಕೂಡಿ, ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ನೇತೃತ್ವದಲ್ಲಿ ಪುನರುದ್ಧಾರ ಮಾಡಿದುವು. 2005ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಅದಕ್ಕೆ ಬಂದಿತು, 2008ರಲ್ಲಿ ಬಾಗಿಲು ಮತ್ತೆ ತೆರೆಯಿತು.

ಇಲ್ಲಿನ ವಸ್ತುಗಳಲ್ಲಿ ಬಹುಪಾಲು ಗಾಜಿನ ಕಪಾಟುಗಳೊಳಗಿವೆ. ಮುಂಬಯಿಯ ನಾನಾ ಸಮುದಾಯಗಳ ಉಡುಗೆತೊಡುಗೆಗಳನ್ನು ತೋರುವ ಮಣ್ಣಿನ ಬೊಂಬೆಗಳು, ಕಸುಬುಗಳನ್ನು ತೋರುವ ಮಾದರಿಗಳು, ದಂತದ ಮತ್ತು ಬೆಳ್ಳಿಯ ಕೆಲಸಗಳು. ಗೇಣುದ್ದದ ಬೊಂಬೆಯೊಂದರ ಮುಂಡಾಸಿನ ಮಡಿಕೆಗಳನ್ನು ಚಿತ್ರಿಸಲೆಂದು ಕ್ಯಾಮೆರಾವನ್ನು ಹತ್ತಿರಕ್ಕೆ ತಂದರೆ, ಮುಂಡಾಸಿನ ಮೇಲೆಯೇ ತೂಗುದೀಪದ ಪ್ರತಿಬಿಂಬ. ಒಂದಡಿ ಎಡಕ್ಕೆ ಸರಿದರೆ ಕಿಟಕಿಯ ಪ್ರತಿಬಿಂಬ. ಬಲಕ್ಕೆ ಸರಿದರೆ ಚಿತ್ರ ತೆಗೆಯುವವನ ಬಿಳಿಯ ಅಂಗಿಯೇ ಗಾಜಿನಲ್ಲಿ ಎದ್ದು ನಿಲ್ಲುತ್ತದೆ. ಅದಕ್ಕಾಗಿ ಈ ಕೆಲಸದವರು ಕಪ್ಪು ಬಟ್ಟೆ ತೊಡುತ್ತಾರೆ, ಮಸೂರದ ಸುತ್ತ ಕಪ್ಪು ಅರಿವೆಯನ್ನು ಹಿಡಿಸಿ ಗಾಜಿಗೆ ತೀರ ಸಮೀಪಕ್ಕೆ ಹೋಗುತ್ತಾರೆ, ಇಲ್ಲವೆ ಪೋಲರೈಸರ್ ಎಂಬ ಶೋಧಕವನ್ನು ತಿರುಗಿಸಿ ಓರೆಯಾದ ಪ್ರತಿಫಲನವನ್ನು ಕಡಿಮೆ ಮಾಡುತ್ತಾರೆ. ಬೊಂಬೆಯ ಚಿತ್ರ ಬೇಕಾದಾಗ ಇವೆಲ್ಲ ಸರಿ. ಆದರೆ ಶಾಲೆಯ ಚಿತ್ರ ತೆಗೆಯುವಾಗ ಗಾಜಿನ ಮೇಲಿನ ಬೆಳಕನ್ನೆಲ್ಲ ಅಳಿಸಿಹಾಕುವುದು ನನಗೆ ಒಪ್ಪಿತವಲ್ಲ. ಹತ್ತೊಂಬತ್ತನೆಯ ಶತಮಾನದವರು ಸಂಗ್ರಹಾಲಯವೆಂದರೆ ಗಾಜು, ಮರ, ಕಬ್ಬಿಣಗಳಿಂದ ಕೂಡಿದ ವಿದ್ಯಾಶಾಲೆಯೆಂದು ಭಾವಿಸಿದ್ದರು. ಒಂದು ಕಪಾಟಿನ ಗಾಜಿನಲ್ಲಿ ಎದುರಿನ ಕಂಬ, ಆ ಕಂಬದಾಚೆ ಇನ್ನೊಂದು ಕಪಾಟು, ಅದರಲ್ಲಿ ಮೇಲಂತಸ್ತಿನ ಕಟಾಂಜನ ಹೀಗೆ ಒಂದರೊಳಗೊಂದು ಕಾಣುವುದು ಆ ಶಾಲೆಯ ಸ್ವಭಾವವೇ ಆಗಿದೆ. ಅದನ್ನು ದೋಷವೆಂದೆಣಿಸಿ ತೆಗೆದುಬಿಟ್ಟರೆ ಉಳಿಯುವುದು ವ್ಯಾಪಾರದ ಮಳಿಗೆಯ ಕ್ಯಾಟಲಾಗು.

ಕೋಣೆಯ ಚಿತ್ರದಲ್ಲಿ ಜನರಿರಬೇಕೆ, ಇರಬಾರದೆ? ಈ ಪ್ರಶ್ನೆಗೆ ಜರ್ಮನಿಯ ಇಬ್ಬರು ಛಾಯಾಗ್ರಾಹಕರು ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ಕಾಂಡಿಡಾ ಹೋಫರ್ ಅವರು ಗ್ರಂಥಾಲಯ, ಸಂಗ್ರಹಾಲಯ, ನಾಟಕಶಾಲೆಗಳನ್ನು ನಿರ್ಜನವಾಗಿಯೇ ಚಿತ್ರಿಸುತ್ತಾರೆ. ಜನರು ಇಲ್ಲದಾಗ ಕೋಣೆ ಜನರಿಗಾಗಿ ಹೇಗೆ ಅಣಿಯಾಗಿದೆಯೆಂಬುದು ಸ್ಪಷ್ಟವಾಗುತ್ತದೆ. ಥಾಮಸ್ ಸ್ಟ್ರೂತ್ ಅವರು 1989ರಿಂದೀಚೆಗೆ ತೆಗೆದ ಸಂಗ್ರಹಾಲಯದ ಚಿತ್ರಮಾಲಿಕೆಯಲ್ಲಿ ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿರುವ ಜನರೇ ಮುಖ್ಯರು. ಮುಂಬಯಿಯ ಮಟ್ಟಿಗೆ ನನ್ನ ಒಲವು ಸ್ಟ್ರೂತ್ ಅವರ ಕಡೆಗೆ. ರವಿವಾರ ರಾಣಿಬಾಗಿಗೆ ಪ್ರಾಣಿಗಳನ್ನು ನೋಡಲು ಬಂದ ಪರೇಲ್, ಲಾಲ್‌ಬಾಗ್, ಕುರ್ಲಾಗಳ ಕುಟುಂಬಗಳು ಹಾಗೆಯೇ ಸಂಗ್ರಹಾಲಯದೊಳಕ್ಕೂ ಹೆಜ್ಜೆಯಿಡುತ್ತವೆ. ಸೊಂಟದ ಮೇಲೆ ಮಗುವನ್ನು ಹೊತ್ತ ತಾಯಿಯೊಬ್ಬಳು ಕೋಳಿ ಸಮುದಾಯದ ಮೀನುಗಾರ್ತಿಯ ಬೊಂಬೆಯೆದುರು ನಿಂತು ಸೀರೆಯ ಕಚ್ಚೆಯನ್ನು ಬೆರಳಿನಿಂದ ತೋರಿಸುತ್ತಾಳೆ. ಆ ಬೆರಳು ಗಾಜಿನ ಯಾವ ಎತ್ತರಕ್ಕೆ ಬರುತ್ತದೆ, ಮಗುವಿನ ಕಣ್ಣಿಗೆ ವಸ್ತು ನಿಲುಕುತ್ತದೆಯೆ, ವಿವರಫಲಕವನ್ನು ಓದಲು ಮುದುಕರು ಎಷ್ಟು ಬಾಗಬೇಕಾಗುತ್ತದೆ ಎಂಬುದನ್ನು ತೋರಿಸಿಕೊಡುವ ಪಟವೇ ಪ್ರದರ್ಶನದ ವಿನ್ಯಾಸಕ್ಕೆ ನಿಜವಾದ ವಿಮರ್ಶೆ. ಮೂರು ಸೆಕೆಂಡಿನ ಅವಧಿಯಲ್ಲಿ ನಡೆಯುವವರು ಮಸುಕಾಗಿ ಕರಗುತ್ತಾರೆ, ನಿಂತು ನೋಡುವವರು ಮಾತ್ರ ಸ್ಪಷ್ಟವಾಗಿ ಮೂಡುತ್ತಾರೆ. ಎಲ್ಲಿ ಜನ ನಿಲ್ಲುತ್ತಾರೆ, ಎಲ್ಲಿ ಹಾದುಹೋಗುತ್ತಾರೆ ಎಂಬುದು ಆ ಒಂದೇ ಪಟದಿಂದ ವಿದಿತವಾಗುತ್ತದೆ. ಇದೇ ಸಂಗ್ರಹಾಲಯದಲ್ಲಿ 2016ರಲ್ಲಿ ದಯಾನಿತಾ ಸಿಂಗ್ ಅವರು ಮರದ ಚೌಕಟ್ಟುಗಳಲ್ಲಿ ಛಾಯಾಚಿತ್ರಗಳನ್ನು ಜೋಡಿಸಿ, ಆ ರಚನೆಗಳನ್ನೇ ಸಂಗ್ರಹಾಲಯಗಳೆಂದು ಕರೆದು ಪ್ರದರ್ಶಿಸಿದರು. ಜೋಡಿಸುವುದೂ ಛಾಯಾಗ್ರಾಹಕನ ಕೆಲಸವೇ ಎಂಬುದನ್ನು ಅಷ್ಟು ಸ್ಫುಟವಾಗಿ ಹೇಳಿದ ಪ್ರದರ್ಶನ ಮತ್ತೊಂದಿಲ್ಲ.

ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಎಂದರೆ ವಿಟೆಟನೇ ಕಟ್ಟಿದ 1911ರ ಕಾವಸ್‌ಜೀ ಜಹಾಂಗೀರ್ ಸಭಾಭವನವನ್ನು ಒಳಗಿನಿಂದ ಮಾರ್ಪಡಿಸಿ 1996ರಲ್ಲಿ ತೆರೆದ ತಾಣ, ಕ್ಯಾಮೆರಾಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅರ್ಧವೃತ್ತಾಕಾರದ ಅಂತಸ್ತುಗಳಲ್ಲಿ ಗೋಡೆಯೇ ಬಾಗಿರುವಾಗ ಅಗಲ ನೋಟದ ಮಸೂರವು ಬಾಗಿದ್ದನ್ನು ಇನ್ನಷ್ಟು ಬಗ್ಗಿಸುತ್ತದೆ. ಅಂಧೇರಿಯ ಕಡೆ ಸಹಾರದ ವಿಮಾನನಿಲ್ದಾಣದಲ್ಲಿ 2014ರಲ್ಲಿ ರಾಜೀವ್ ಸೇಠಿಯವರ ಸಂಯೋಜನೆಯಲ್ಲಿ ಸಿದ್ಧವಾದ ‘ಜಯ ಹೇ’ ಕಲಾಭಿತ್ತಿಯ ಮುಂದೆ ಪ್ರಯಾಣಿಕರು ಪೆಟ್ಟಿಗೆ ಎಳೆಯುತ್ತ ಸಾಗುತ್ತಾರೆ. ನಿಲ್ಲದ ಕಣ್ಣಿಗೆಂದು ರಚಿಸಿದ ಆ ವಿನ್ಯಾಸವನ್ನು ನಿಂತ ಚಿತ್ರ ಹಿಡಿಯುವುದು ಕಷ್ಟ.

2017ರ ನವೆಂಬರಿನಿಂದ 2018ರ ಫೆಬ್ರವರಿಯವರೆಗೆ ಶಿವಾಜಿ ಮಹಾರಾಜ ಸಂಗ್ರಹಾಲಯದಲ್ಲಿ ‘ಇಂಡಿಯಾ ಅಂಡ್ ದಿ ವರ್ಲ್ಡ್’ ಎಂಬ ಪ್ರದರ್ಶನ ನಡೆಯಿತು. ಬ್ರಿಟಿಷ್ ಮ್ಯೂಸಿಯಂ ಮತ್ತು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಗಳ ಸಹಯೋಗದಿಂದ ಇನ್ನೂರಕ್ಕೂ ಮೀರಿದ ವಸ್ತುಗಳನ್ನು ಒಂಬತ್ತು ಕಥನಗಳಾಗಿ ಹಂಚಿ, ನಮ್ಮ ನೆಲದ ಒಂದು ವಸ್ತುವಿನ ಪಕ್ಕದಲ್ಲಿ ಅದೇ ಕಾಲದ ಪರದೇಶದ ವಸ್ತುವನ್ನಿಟ್ಟು, ಮನುಷ್ಯರು ಬೇರೆ ಬೇರೆ ಸೀಮೆಗಳಲ್ಲಿ ಏಕಕಾಲಕ್ಕೆ ಏನು ಯೋಚಿಸುತ್ತಿದ್ದರೆಂಬುದನ್ನು ತೋರಿಸಿದ ಪ್ರದರ್ಶನ ಅದು. ಅದರ ವಾದವೆಲ್ಲ ಅಡಗಿದ್ದುದು ವಸ್ತುಗಳಲ್ಲಲ್ಲ, ವಸ್ತುಗಳ ನಡುವಣ ಅಂತರದಲ್ಲಿ. ಆಮೇಲೆ ಅವು ದೆಹಲಿಗೆ ಹೋದುವು, ಅಲ್ಲಿಂದ ತಂತಮ್ಮ ಮನೆಗಳಿಗೆ ಹಿಂದಿರುಗಿದುವು. ಈಗ ಒಂದೊಂದು ವಸ್ತುವಿನ ಚಿತ್ರವನ್ನೂ ಎಲ್ಲಿಂದ ಬೇಕಾದರೂ ಪಡೆಯಬಹುದು. ಆದರೆ ಎರಡು ಖಂಡಗಳ ವಸ್ತುಗಳು ಮುಂಬಯಿಯ ಒಂದು ದೀಪದ ಕೆಳಗೆ ಒಂದಕ್ಕೊಂದು ಎದುರಾದುದನ್ನು ಕಾಣಬೇಕಾದರೆ, ಆ ತಿಂಗಳುಗಳಲ್ಲಿ ಗ್ಯಾಲರಿಯಲ್ಲಿ ನಿಂತು ತೆಗೆದ ಪಟಗಳನ್ನೇ ಅರಸಬೇಕು.

ಅದೇ ಆವರಣದ ಮಗ್ಗುಲಲ್ಲಿರುವ ಜಹಾಂಗೀರ್ ಆರ್ಟ್ ಗ್ಯಾಲರಿಯದು ಇನ್ನೂ ತೀವ್ರವಾದ ಸ್ಥಿತಿ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯನ್ನೇ ಮನೆ ಮಾಡಿಕೊಂಡ ಚಿತ್ರಕಾರ ಕೆ. ಕೆ. ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಸೆಯಾಗಿ ನಿಂತುದರಿಂದ, ಸರ್ ಕಾವಸ್‌ಜೀ ಜಹಾಂಗೀರರ ಔದಾರ್ಯದಿಂದ 1952ರಲ್ಲಿ ಅದು ತೆರೆಯಿತು. ಅಲ್ಲಿ ಒಂದೊಂದು ಪ್ರದರ್ಶನದ ಆಯುಷ್ಯ ಸಾಮಾನ್ಯವಾಗಿ ಒಂದು ವಾರ. ದೂರದ ಊರಿನಿಂದ ಚಿತ್ರಗಳನ್ನು ರೈಲಿನಲ್ಲಿ ತಂದ ಕಲಾವಿದ, ಸರದಿಗಾಗಿ ವರ್ಷಗಟ್ಟಲೆ ಕಾದು, ಒಂದು ರಾತ್ರಿಯಲ್ಲಿ ಯಾವ ಚಿತ್ರದ ಪಕ್ಕದಲ್ಲಿ ಯಾವುದು, ಯಾವುದು ಬಾಗಿಲಿಗೆ ಎದುರು ಎಂದು ತೀರ್ಮಾನಿಸಿ ಮೊಳೆ ಹೊಡೆಯುತ್ತಾನೆ. ವಾರ ಕಳೆದೊಡನೆ ಗೋಡೆ ಮತ್ತೆ ಬರಿದು. 1952ರಿಂದ ಇಂದಿನವರೆಗೆ ಆ ಗೋಡೆಗಳ ಮೇಲೆ ಕಲಾವಿದರು ತಮ್ಮ ಕೃತಿಗಳನ್ನು ತಾವೇ ಹೇಗೆ ಓದಿಕೊಂಡರೆಂಬುದರ ಚರಿತ್ರೆ, ಅವರ ಗೆಳೆಯರು ತೆಗೆದು ಮನೆಯ ಅಲ್ಬಮುಗಳಲ್ಲಿ ಅಂಟಿಸಿಟ್ಟ ಪಟಗಳಲ್ಲಿ ಚದರಿಹೋಗಿದೆ. ಮುಂಬಯಿಯ ಕನ್ನಡ ಕಲಾವಿದರ ಮನೆಗಳಲ್ಲಿಯೂ ಅಂಥ ಅಲ್ಬಮುಗಳು ಇವೆ. ಚಿತ್ರಕ್ಕೆ ಬೆಲೆ ಕಟ್ಟುವವರು ಬರುತ್ತಾರೆ, ಅಲ್ಬಮನ್ನು ಕೇಳುವವರಿಲ್ಲ. ನಮ್ಮ ಕನ್ನಡ ಸಂಘಗಳಲ್ಲಿ ಯಾವುದಾದರೊಂದು ಈ ಪಟಗಳನ್ನು ಬೇಡಿ ತಂದು, ಹಿಂಬದಿಯಲ್ಲಿ ಇಸವಿಯನ್ನೂ ಕಲಾವಿದರ ಹೆಸರನ್ನೂ ಬರೆಸಿ, ಪ್ರತಿ ತೆಗೆಸಿ ಕಾಪಾಡುವ ಕಾರ್ಯಕ್ಕೆ ಕೈಹಾಕಬೇಕೆಂದು ನಾನು ಬಿನ್ನವಿಸಿಕೊಳ್ಳುತ್ತೇನೆ. ಇಸವಿಯನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ.

ಸಂಗ್ರಹಾಲಯಗಳಲ್ಲಿಯೂ ಒಂದು ವಿಧಿ ಏರ್ಪಡಬೇಕು. ಗ್ಯಾಲರಿಯನ್ನು ಬಿಚ್ಚುವ ಮುನ್ನಾದಿನ, ಕೋಣೆಯ ನಾಲ್ಕು ಮೂಲೆಗಳಿಂದಲೂ ನಡುವಿನಿಂದಲೂ, ನಿಂತವರ ಕಣ್ಣಿನ ಎತ್ತರದಿಂದ ಒಮ್ಮೆ, ಮಗುವಿನ ಕಣ್ಣಿನ ಎತ್ತರದಿಂದ ಒಮ್ಮೆ, ಆ ಪ್ರದರ್ಶನದ ದೀಪಗಳಲ್ಲಿಯೇ, ಬೇರೆ ಬೆಳಕನ್ನು ಸೇರಿಸದೆ ಚಿತ್ರ ತೆಗೆದಿಡಬೇಕು. ವಿವರಫಲಕಗಳು ಓದುವಂತಿರಬೇಕು, ವಿನ್ಯಾಸ ಮಾಡಿದವರ ಹೆಸರನ್ನು ಪಟದೊಡನೆ ಬರೆದಿಡಬೇಕು. ಇನ್ನು ಐಹೊಳೆಯ ಫಲಕಗಳ ವಿಷಯದಲ್ಲಿ, ಹುಚ್ಚಪ್ಪಯ್ಯನ ಗುಡಿಯ ನಡುಮಂಟಪದಲ್ಲಿ ಟ್ರೈಪಾಡನ್ನು ನೆಲಕ್ಕೆ ತೀರ ತಗ್ಗಿಸಿ ಮಸೂರವನ್ನು ನೇರ ಮೇಲಕ್ಕೆ ಮಾಡಿ ಬೆಳಗಿನ ಬೆಳಕಿನಲ್ಲಿ ತೆಗೆದ ಒಂದು ಪಟವನ್ನು, ಮುಂಬಯಿಯ ಗೋಡೆಯ ಬಳಿ ಅದೇ ಫಲಕಗಳ ಪಕ್ಕದಲ್ಲಿ, ಅಳತೆ ಕಾಣುವಂತೆ ತೂಗುಹಾಕಿಸಬಹುದು. ಅದಕ್ಕೆ ಬೇಕಾದುದು ಪುರಾತತ್ವ ಇಲಾಖೆಯ ಅನುಮತಿ, ಬಾಗಲಕೋಟೆಯವರೆಗೆ ಒಂದು ರಾತ್ರಿಯ ಪ್ರಯಾಣ, ಮತ್ತು ಕ್ಯಾಮೆರಾವನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಮಲಗಲು ಸಿದ್ಧನಿರುವ ಒಬ್ಬ ಛಾಯಾಗ್ರಾಹಕ.